ಹಳೆಯ ಕಾರಿನ ತಗಡು, ಹೊಸ ಕಾರಿನ ಕಾವಲು

ನಮಸ್ಕಾರ. ಅಂಬಾಸಿಡರ್ ಕಾರಿನ ಮಾತು ಬಂದಾಗಲೆಲ್ಲ ‘ತಗಡು ಅಂದರೆ ಆ ಕಾಲದ್ದು, ಈಗಿನ ಗಾಡಿಗಳು ಒಂದೇ ಗುದ್ದಿಗೆ ನಜ್ಜುಗುಜ್ಜಾಗುತ್ತವೆ’ ಎಂದು ಯಾರಾದರೊಬ್ಬರು ಹೇಳುತ್ತಾರೆ. ಅಂಬಾಸಿಡರನ್ನೂ ಮಹೀಂದ್ರ ಎಕ್ಸ್‌ಯುವಿ 700 ಗಾಡಿಯನ್ನೂ ಅಕ್ಕಪಕ್ಕ ಇಟ್ಟು ನೋಡುವ ಇಂದಿನ ಸಂಚಿಕೆಯಲ್ಲಿ ನಾನು ಮೊದಲು ಎತ್ತಿಕೊಳ್ಳುವುದು ಈ ಮಾತನ್ನೇ, ಏಕೆಂದರೆ ಇದನ್ನು ನಂಬಿ ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವವರು ಇಂದಿಗೂ ಇದ್ದಾರೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ರೂಪುಗೊಂಡ ಅಂಬಾಸಿಡರ್, ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ದಶಕಗಳ ಕಾಲ ಅದನ್ನು ಎಳೆದ 1489 ಸಿಸಿ ಇಂಜಿನ್ನಿಗೆ ಸುಮಾರು 50 ಅಶ್ವಶಕ್ತಿ ಇದ್ದರೆ, ಎಕ್ಸ್‌ಯುವಿ 700ರ ಪೆಟ್ರೋಲ್ ಇಂಜಿನ್ನಿಗೆ 200 ಇದೆ. ವೇಗದ ಹೋಲಿಕೆ ಅಲ್ಲಿಗೇ ಮುಗಿಯುತ್ತದೆ.

ತಗಡಿನ ವಿಷಯ ಹಾಗಲ್ಲ. ಗುದ್ದಿದ ಕ್ಷಣದಲ್ಲಿ ವಾಹನದ ಓಟದ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಮುಂಭಾಗ ಅದನ್ನು ನುಂಗಿಕೊಳ್ಳದಿದ್ದರೆ ಒಳಗೆ ಕೂತವರ ಎದೆ, ಕುತ್ತಿಗೆಗಳು ನುಂಗಿಕೊಳ್ಳಬೇಕಾಗುತ್ತದೆ. ಆದ್ದರಿಂದಲೇ ಇಂದಿನ ಕಾರುಗಳ ಮೂತಿ ಮಡಚಿಕೊಳ್ಳುವಂತೆಯೂ, ಜನ ಕೂರುವ ಜಾಗ ಮಾತ್ರ ಜಗ್ಗದಂತೆಯೂ ಬೇರೆ ಬೇರೆ ಬಲದ ಉಕ್ಕಿನಲ್ಲಿ ಕಟ್ಟಿರುತ್ತಾರೆ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯು 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿಸಿತು. ಭಾರೀ ದೇಹದ ಬೆಲ್ ಏರ್‌ನಲ್ಲಿ ಚಾಲಕನ ಜಾಗವೇ ಕುಸಿದು, ಸ್ಟೇರಿಂಗ್ ಹಿಂದಕ್ಕೆ ನುಗ್ಗಿತು. ಅಲ್ಲಿ ಪರೀಕ್ಷೆಗೆಂದು ಕೂರಿಸಿದ್ದ ಗೊಂಬೆಯ ಬದಲು ಮನುಷ್ಯನಿದ್ದಿದ್ದರೆ ಉಳಿಯುತ್ತಿರಲಿಲ್ಲ. ಮಾಲಿಬುವಿನ ಚಾಲಕನಿಗಾದರೋ ಕಾಲಿಗೆ ಪೆಟ್ಟಾಗಿ ಮುಗಿಯುತ್ತಿತ್ತು. ಅಂಬಾಸಿಡರ್ ಕೂಡ ಅದೇ ದಶಕದ ವಿನ್ಯಾಸ ಎಂಬುದನ್ನು ನೆನೆದಾಗ, ಅದರ ಉದ್ದನೆಯ ಸೀಟಿನಲ್ಲಿ ಬೆಲ್ಟಿಲ್ಲದೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ನಮ್ಮ ಹಿರಿಯರ ಪ್ರಯಾಣಗಳು ನನ್ನನ್ನು ನಡುಗಿಸುತ್ತವೆ. ಎಕ್ಸ್‌ಯುವಿ 700 ಅದೇ 64 ಕಿಲೋಮೀಟರ್ ವೇಗದಲ್ಲಿ ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ, 2021ರಲ್ಲಿ, ವಯಸ್ಕರ ರಕ್ಷಣೆಗೆ 5ಕ್ಕೆ 5 ನಕ್ಷತ್ರ ಪಡೆಯಿತು.

ಹಾಗಿದ್ದರೂ ಅಂಬಾಸಿಡರ್‌ನಲ್ಲಿದ್ದ ಒಂದು ಗುಣವನ್ನು ನಾವು ಅನ್ಯಾಯವಾಗಿ ಕಳೆದುಕೊಂಡಿದ್ದೇವೆ. ಅದರ ಬಾನೆಟ್ ಎತ್ತಿದರೆ ಕಾರ್ಬ್ಯುರೇಟರ್, ಡೈನಮೋ, ಪ್ಲಗ್ಗುಗಳು ಕಣ್ಣಿಗೆ ಕಾಣುತ್ತಿದ್ದವು, ಕೈಗೆ ಸಿಗುತ್ತಿದ್ದವು. ಚಿಕ್ಕ ಊರಿನ ಮೆಕ್ಯಾನಿಕ್ ಒಬ್ಬ ನಾಲ್ಕು ಸ್ಪ್ಯಾನರ್ ಹಿಡಿದು, ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವನಾಗಿದ್ದ. ಇಂದಿನ ಎಸ್‌ಯುವಿಯ ದೋಷ ತಿಳಿಯಬೇಕಾದರೆ ಕಂಪ್ಯೂಟರ್ ಜೋಡಿಸಬೇಕು, ಅದರ ತಂತ್ರಾಂಶ ಬಹುಮಟ್ಟಿಗೆ ಕಂಪನಿಗಳ ಅಧಿಕೃತ ಸರ್ವಿಸ್ ಕೇಂದ್ರಗಳ ಕೈಯಲ್ಲಿರುತ್ತದೆ. ಏರ್‌ಬ್ಯಾಗ್‌ಗಾಗಿ ನಾವು ತೆರಬೇಕಾದ ಬೆಲೆ ಇದಲ್ಲ, ಏಕೆಂದರೆ ಸುರಕ್ಷತೆಗೂ ಈ ಗುಟ್ಟಿಗೂ ಸಂಬಂಧವಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕೊಂಡ ವಸ್ತುವನ್ನು ತನಗೆ ಬೇಕಾದಲ್ಲಿ ರಿಪೇರಿ ಮಾಡಿಸಿಕೊಳ್ಳುವ, ಅಂದರೆ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತ್ತು. ದುರಸ್ತಿಯ ಕೈಪಿಡಿ, ಬಿಡಿಭಾಗ, ದೋಷ ಓದುವ ತಂತ್ರಾಂಶ ಈ ಮೂರನ್ನೂ ಹೊರಗಿನ ಗ್ಯಾರೇಜುಗಳಿಗೆ ನ್ಯಾಯವಾದ ಬೆಲೆಗೆ ಕೊಡಬೇಕೆಂಬ ಕಾನೂನು ಬರಲೇಬೇಕು ಎಂದು ನಾನು ಒತ್ತಾಯಿಸುತ್ತೇನೆ.