288 ಗೆಲುವುಗಳ ಟಾಮಿ ಜಾನ್

ನಮಸ್ಕಾರ. ಅಮೆರಿಕದ ಬೇಸ್‌ಬಾಲ್ ಸುದ್ದಿಯನ್ನು ಅಷ್ಟಿಷ್ಟು ಓದುವವರಿಗೂ ಟಾಮಿ ಜಾನ್ ಎಂಬ ಹೆಸರು ಹೊಸದಲ್ಲ. ಯಾವನೋ ಯುವ ಪಿಚರ್ ಮೊಣಕೈ ಹಿಡಿದುಕೊಂಡು ಮೈದಾನದಿಂದ ಹೊರಗೆ ಹೋಗುತ್ತಾನೆ. ಸ್ಕ್ಯಾನ್ ಆಗುತ್ತದೆ. ಅವನಿಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಬೇಕಂತೆ, ಈ ವರ್ಷ ಆಟವಿಲ್ಲವಂತೆ ಎಂದು ಸುದ್ದಿ ಬರುತ್ತದೆ. ಈ ಮಾತನ್ನು ಕೇಳುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಆ ಮನುಷ್ಯ ಎಸೆದ ಚೆಂಡು ಹೇಗಿತ್ತು ಎಂಬುದು ಗೊತ್ತಿದೆ? 26 ಋತು ಆಡಿ, 288 ಪಂದ್ಯ ಗೆದ್ದ ಪಿಚರ್ ಒಬ್ಬರನ್ನು ಜಗತ್ತು ಒಂದು ಆಸ್ಪತ್ರೆಯ ಕಡತದ ಶೀರ್ಷಿಕೆಯಾಗಿ ಉಳಿಸಿಕೊಂಡಿದೆ. ಇದು ಅನ್ಯಾಯ. ಈ ಅನ್ಯಾಯದ ಬೆಲೆಯನ್ನು ಇಂದು ಹದಿನಾರು ವರ್ಷದ ಹುಡುಗರು ತಮ್ಮ ಮೊಣಕೈಗಳಿಂದ ತೆರುತ್ತಿದ್ದಾರೆ ಎಂಬುದು ನನ್ನ ವಾದ.

ಮೊದಲು ಆಟದ ಬಗ್ಗೆ ಎರಡು ಮಾತು. ಬೇಸ್‌ಬಾಲ್ ಪಿಚರ್ ನಮ್ಮ ವೇಗದ ಬೌಲರ್‌ನಂತೆ ಓಡಿ ಬರುವುದಿಲ್ಲ. ಮಣ್ಣಿನ ಒಂದು ಸಣ್ಣ ದಿಬ್ಬದ ಮೇಲೆ ನಿಂತು, 60 ಅಡಿ 6 ಅಂಗುಲ ದೂರಕ್ಕೆ, ನೆಲಕ್ಕೆ ತಾಗಿಸದೆ ಚೆಂಡನ್ನು ಎಸೆಯುತ್ತಾನೆ. ತಂಡದ ಗೆಲುವು ಸೋಲನ್ನು ಒಬ್ಬ ಪಿಚರ್‌ನ ಹೆಸರಿಗೆ ಬರೆದುಕೊಳ್ಳುವುದು ಈ ಆಟದ ರೂಢಿ. ಕ್ರಿಕೆಟ್‌ನಲ್ಲಿ ಬೌಲರ್‌ನ ಮೊಣಕೈ 15 ಡಿಗ್ರಿಗಿಂತ ಹೆಚ್ಚು ಚಾಚಿಕೊಂಡರೆ ಅದು ನಿಯಮಬಾಹಿರ. ಪಿಚರ್‌ಗೆ ಅಂಥ ಕಟ್ಟುಪಾಡಿಲ್ಲ. ಮಡಚಿದ ಮೊಣಕೈ ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿಕೊಳ್ಳುತ್ತದೆ. ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಒಳಬದಿಯಲ್ಲಿ ಹಿಡಿದಿಟ್ಟಿರುವ ಒಂದು ಪುಟ್ಟ ಅಸ್ಥಿರಜ್ಜು ಆ ಹೊಡೆತವನ್ನೆಲ್ಲ ತಡೆದುಕೊಳ್ಳಬೇಕು. ಹೀಗೆ ಸಾವಿರಾರು ಸಲ. ಒಂದು ದಿನ ಅದು ಹರಿಯುತ್ತದೆ.

1974ಕ್ಕೆ ಮೊದಲು ಹರಿದರೆ ಅಲ್ಲಿಗೆ ಮುಗಿಯಿತು. ತೋಳು ಸತ್ತಿತು ಎಂದು ಹೇಳಿ ಮನೆಗೆ ಕಳಿಸುತ್ತಿದ್ದರು. ಹರಿಯದಿದ್ದರೂ ಕಷ್ಟವೇ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಸ್ಯಾಂಡಿ ಕೂಫ್ಯಾಕ್ಸ್ 1966ರಲ್ಲಿ 27 ಪಂದ್ಯ ಗೆದ್ದು, ಅದೇ ವರ್ಷ, ಮೂವತ್ತನೇ ವಯಸ್ಸಿಗೆ ಆಟ ಬಿಟ್ಟರು. ಮೊಣಕೈಯ ಸಂಧಿವಾತ ಅವರನ್ನು ಮುಂದೆ ಆಡಗೊಡಲಿಲ್ಲ.

ಟಾಮಿ ಜಾನ್ ಹುಟ್ಟಿದ್ದು 1943ರಲ್ಲಿ, ಇಂಡಿಯಾನಾ ರಾಜ್ಯದ ಟೆರಿ ಹೋಟ್ ಎಂಬ ಊರಿನಲ್ಲಿ. ಎಡಗೈ ಪಿಚರ್. 1963ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಕ್ಲೀವ್‌ಲ್ಯಾಂಡ್ ತಂಡದ ಪರವಾಗಿ ಮೊದಲ ಬಾರಿ ದಿಬ್ಬ ಹತ್ತಿದರು. ಅಲ್ಲಿ ಎರಡು ಋತುಗಳಲ್ಲಿ ಗೆದ್ದದ್ದು ಎರಡೇ ಪಂದ್ಯ, ಸೋತದ್ದು ಹನ್ನೊಂದು. 1965ರಲ್ಲಿ ಆಟಗಾರರ ವಿನಿಮಯದಲ್ಲಿ ಷಿಕಾಗೊ ವೈಟ್ ಸಾಕ್ಸ್‌ಗೆ ಹೋಗಿ ಏಳು ವರ್ಷ ಅಲ್ಲಿ ನೆಲೆ ನಿಂತರು. 1971ರ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಅವರನ್ನು ತೆಗೆದುಕೊಂಡು ಬದಲಿಗೆ ಡಿಕ್ ಅಲೆನ್ ಎಂಬ ಅಬ್ಬರದ ಬ್ಯಾಟರ್‌ನನ್ನು ಕೊಟ್ಟಿತು. ಅಲೆನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಾನ್ ವೇಗದ ಪಿಚರ್ ಆಗಿರಲೇ ಇಲ್ಲ. ಅವರ ಬಂಡವಾಳ ಸಿಂಕರ್. ಬ್ಯಾಟರ್‌ನ ಸೊಂಟದ ಮಟ್ಟಕ್ಕೆ ಬರುತ್ತಿದೆ ಎನಿಸುವ ಚೆಂಡು ಕೊನೆಯ ಗಳಿಗೆಯಲ್ಲಿ ಕುಸಿಯುತ್ತದೆ. ಬೀಸಿದ ಬ್ಯಾಟ್ ಚೆಂಡಿನ ನೆತ್ತಿಗೆ ಬಡಿಯುತ್ತದೆ, ಚೆಂಡು ನೆಲ ಹಿಡಿದು ಉರುಳುತ್ತದೆ, ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ಬೇಸ್‌ಗೆ ಫೀಲ್ಡರ್ ಚೆಂಡನ್ನು ಎತ್ತಿ ಎಸೆಯುತ್ತಾನೆ, ಔಟ್. ನೋಡುವವರು ಎದ್ದು ಕುಣಿಯುವಂಥದ್ದು ಇದರಲ್ಲಿ ಏನೂ ಇಲ್ಲ. ಆದರೆ ಹತ್ತು ಎಸೆತದಲ್ಲಿ ಮೂವರನ್ನು ಮನೆಗೆ ಕಳಿಸುವ ಈ ಕಲೆಗೆ ಎಂಥ ನಿಖರತೆ ಬೇಕು ಎಂಬುದನ್ನು ಯೋಚಿಸಿ. ಚೆಂಡು ಅಂಗೈಯಷ್ಟು ಮೇಲೆ ಬಂದರೆ ಬ್ಯಾಟರ್ ಅದನ್ನು ಗ್ಯಾಲರಿಗೆ ಕಳಿಸುತ್ತಾನೆ. ಜಾನ್ ಅದನ್ನು ಮಂಡಿಯ ಎತ್ತರದಲ್ಲಿ, ಅಂಚಿನಲ್ಲಿ, ಗಂಟೆಗಟ್ಟಲೆ ಇಡಬಲ್ಲವರಾಗಿದ್ದರು.

1974ರ ಜುಲೈ 17. ಡಾಡ್ಜರ್ ಕ್ರೀಡಾಂಗಣ, ಎದುರಾಳಿ ಮಾಂಟ್ರಿಯಲ್ ಎಕ್ಸ್‌ಪೋಸ್. ಆ ಋತುವಿನಲ್ಲಿ ಜಾನ್ 13 ಗೆದ್ದು ಮೂರೇ ಸೋತಿದ್ದರು. ವೃತ್ತಿಜೀವನದ ಅತ್ಯುತ್ತಮ ವರ್ಷವಾಗುವುದಿತ್ತು. ಒಂದು ಎಸೆತದಲ್ಲಿ ತೋಳು ತನ್ನದಲ್ಲ ಎನಿಸಿತು. ಇನ್ನೊಂದು ಎಸೆದು ನೋಡಿದರು. ಆಮೇಲೆ ತಾವೇ ನಡೆದು ಹೊರಗೆ ಬಂದರು.

ತಂಡದ ವೈದ್ಯ ಡಾ. ಫ್ರ್ಯಾಂಕ್ ಜೋಬ್. ಎರಡನೇ ಮಹಾಯುದ್ಧದಲ್ಲಿ ಸೇನೆಯ ವೈದ್ಯಕೀಯ ತುಕಡಿಯಲ್ಲಿದ್ದವರು. ಪೋಲಿಯೊ ರೋಗಿಗಳ ಕೈಕಾಲುಗಳಲ್ಲಿ ಒಂದು ಕಡೆಯ ಸ್ನಾಯುರಜ್ಜುವನ್ನು ಇನ್ನೊಂದು ಕಡೆಗೆ ಜೋಡಿಸುವ ಚಿಕಿತ್ಸೆ ಅವರಿಗೆ ಗೊತ್ತಿತ್ತು. ಅದನ್ನೇ ಪಿಚರ್‌ನ ಮೊಣಕೈಗೆ ಯಾಕೆ ಮಾಡಬಾರದು ಎಂದು ಯೋಚಿಸಿದರು. ನೀವು ನಿಮ್ಮ ಹೆಬ್ಬೆರಳನ್ನೂ ಕಿರುಬೆರಳನ್ನೂ ಸೇರಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ ನೋಡಿ. ಮಣಿಕಟ್ಟಿನ ನಡುವೆ ಒಂದು ತಂತಿ ಎದ್ದು ಕಾಣುತ್ತದೆ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೂ ಕೈಗೆ ಯಾವ ಕೊರತೆಯೂ ಆಗುವುದಿಲ್ಲ. ಸೆಪ್ಟೆಂಬರ್ 25ರಂದು ಜೋಬ್ ಆ ತಂತಿಯನ್ನು ಜಾನ್ ಅವರ ಬಲಗೈಯಿಂದ ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ರಂಧ್ರ ಕೊರೆದು, ಹಗ್ಗದ ಮಂಚ ಹೆಣೆದಂತೆ ಅದನ್ನು ಒಳಗೂ ಹೊರಗೂ ಹಾಯಿಸಿ ಬಿಗಿದರು.

ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದು ಜೋಬ್ ಮೊದಲೇ ಹೇಳಿದ್ದರು. ಮಾಡಿಸದಿದ್ದರೆ ನೂರಕ್ಕೆ ಸೊನ್ನೆ. ಮೂವತ್ತೊಂದು ವರ್ಷದ ಜಾನ್ ಆ ಒಂದನ್ನು ಆರಿಸಿಕೊಂಡರು. ಇಂದು ಈ ಚಿಕಿತ್ಸೆ ಮಾಡಿಸಿಕೊಂಡ ವೃತ್ತಿಪರರಲ್ಲಿ ಬಹುಪಾಲು ಮಂದಿ ಆಟಕ್ಕೆ ಮರಳುತ್ತಾರೆ. ಅಂದು ಮರಳಿದವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ, ಯಾಕೆಂದರೆ ಹೋದವರೇ ಇರಲಿಲ್ಲ.

ಚಿಕಿತ್ಸೆ ಆಯಿತು, ಬೆರಳು ಆಡಲಿಲ್ಲ. ಮೊಣಕೈಯ ನರಕ್ಕೆ ಪೆಟ್ಟಾಗಿ ಕೈ ಹಕ್ಕಿಯ ಪಂಜದಂತೆ ಮಡಚಿಕೊಂಡಿತು. ಡಿಸೆಂಬರ್‌ನಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ. 1975ರ ಇಡೀ ಋತು ಹೋಯಿತು. ನರ ನಿಧಾನವಾಗಿ, ತಿಂಗಳುಗಟ್ಟಲೆ ತೆಗೆದುಕೊಂಡು ಬೆಳೆಯಬೇಕಿತ್ತು. ಜಾನ್ ಗೋಡೆಗೆ ಚೆಂಡೆಸೆದರು, ಹೆಂಡತಿಗೆ ಚೆಂಡೆಸೆದರು. ದೇಹಚಲನೆಯ ಶಾಸ್ತ್ರ ಓದಿಕೊಂಡಿದ್ದ ಸಹ ಆಟಗಾರ ಮೈಕ್ ಮಾರ್ಷಲ್ ಅವರಿಂದ ಎಸೆತದ ಭಂಗಿಯನ್ನೇ ಹೊಸದಾಗಿ ಕಲಿತರು. ಹನ್ನೆರಡು ಋತು ಆಡಿದ ಮೇಲೆ ಚೆಂಡು ಎಸೆಯುವುದನ್ನು ಮೊದಲಿನಿಂದ ಕಲಿಯಲು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಶಸ್ತ್ರಚಿಕಿತ್ಸೆಯ ಕಥೆ ಹೇಳುವವರೆಲ್ಲ ಆ ಸೆಪ್ಟೆಂಬರ್ ದಿನದ ಬಗ್ಗೆ ಪುಟಗಟ್ಟಲೆ ಬರೆದು ಈ ಹದಿನೆಂಟು ತಿಂಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಲೆಕ್ಕದಲ್ಲಿ ಅವರ ವೃತ್ತಿಯ ನಡುಗಂಬ ಇದೇ.

1976ರ ಏಪ್ರಿಲ್‌ನಲ್ಲಿ ಅಟ್ಲಾಂಟಾದಲ್ಲಿ ಮರಳಿ ಆಡಿದರು. ಸೋತರು. ಆ ವರ್ಷ ಹತ್ತು ಗೆಲುವು, ಹತ್ತು ಸೋಲು, 207 ಇನ್ನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಮೂವರು ಔಟಾದರೆ ಒಂದು ಇನ್ನಿಂಗ್ಸ್). ಆ ಕೈಯಿಂದ 207 ಇನ್ನಿಂಗ್ಸ್! 1977ರಲ್ಲಿ 20 ಗೆಲುವು. ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಮಳೆಯಲ್ಲಿ ಪೂರ್ತಿ ಒಂಬತ್ತು ಇನ್ನಿಂಗ್ಸ್ ಎಸೆದು ತಂಡವನ್ನು ವರ್ಲ್ಡ್ ಸೀರೀಸ್‌ಗೆ, ಅಂದರೆ ವರ್ಷದ ಅಂತಿಮ ಪಂದ್ಯಸರಣಿಗೆ, ಒಯ್ದರು. 1978ರಲ್ಲಿ 17. ನ್ಯೂಯಾರ್ಕ್ ಯಾಂಕೀಸ್ ಸೇರಿ 1979ರಲ್ಲಿ 21, 1980ರಲ್ಲಿ 22. ನಾಲ್ಕು ವರ್ಷಕ್ಕೆ 80 ಗೆಲುವು. ಆಮೇಲೆ ಕ್ಯಾಲಿಫೋರ್ನಿಯಾ ಏಂಜಲ್ಸ್, ಓಕ್‌ಲ್ಯಾಂಡ್, ಮತ್ತೆ ಯಾಂಕೀಸ್. 1989ರ ಋತುವಿನ ಮೊದಲ ದಿನ, 45ರ ವಯಸ್ಸಿನಲ್ಲಿ, ಯಾಂಕೀಸ್ ಪರವಾಗಿ ಆರಂಭಿಕ ಪಿಚರ್ ಆಗಿ ಇಳಿದು ಗೆದ್ದರು. ಆ ವರ್ಷವೇ ನಿವೃತ್ತಿ. ಅವರ ಹಲ್ಲಿನ ವೈದ್ಯರ ಮಗ ಮಾರ್ಕ್ ಮೆಗ್ವೈರ್ ಬೆಳೆದು ದೊಡ್ಡ ಬ್ಯಾಟರ್ ಆಗಿ ಇವರ ಎಸೆತಗಳನ್ನೇ ಬಾರಿಸತೊಡಗಿದಾಗ ಇನ್ನು ಸಾಕು ಎನಿಸಿತು ಎಂದು ಅವರು ನಗುತ್ತಾ ಹೇಳಿಕೊಳ್ಳುತ್ತಿದ್ದರು.

ಒಟ್ಟು 288 ಗೆಲುವು. ಇದರಲ್ಲಿ 164 ಗೆಲುವು ಬಂದದ್ದು ಶಸ್ತ್ರಚಿಕಿತ್ಸೆಯ ನಂತರ. ಮೂರು ಸಲ ಒಂದೇ ಋತುವಿನಲ್ಲಿ ಇಪ್ಪತ್ತಕ್ಕಿಂತ ಕಡಿಮೆಯಿಲ್ಲದೆ ಗೆದ್ದರಲ್ಲ, ಆ ಮೂರೂ ಹೊಲಿದ ಕೈಯಿಂದ.

ಈಗ ಇಂದಿನ ಮಾತಿಗೆ ಬರೋಣ. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ, ಅಂದರೆ ವೇಗದ ಎಸೆತದ, ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇತ್ತು. 2024ರಲ್ಲಿ 94.2. ಆ ವರ್ಷದ ಡಿಸೆಂಬರ್‌ನಲ್ಲಿ ಲೀಗ್ ತಾನೇ ಹೊರತಂದ ವರದಿಯು ಪಿಚರ್‌ಗಳ ಗಾಯಕ್ಕೆ ವೇಗದ ಬೆನ್ನು ಹತ್ತಿರುವುದನ್ನೂ ಪ್ರತಿ ಎಸೆತಕ್ಕೂ ಇಡೀ ಮೈಯ ಬಲ ಸುರಿಯುವುದನ್ನೂ ಕಾರಣವೆಂದು ಹೇಳಿತು. ಜಸ್ಟಿನ್ ವರ್ಲ್ಯಾಂಡರ್, ಜೇಕಬ್ ಡಿಗ್ರಾಮ್, ಶೋಹೇ ಒಟಾನಿ, ಇವರೆಲ್ಲರ ಮೊಣಕೈಗೂ ಕತ್ತರಿ ಬಿದ್ದಿದೆ. ಕೆಲವರಿಗೆ ಒಂದಕ್ಕಿಂತ ಹೆಚ್ಚು ಸಲ. ಅವರು ವೃತ್ತಿಪರರು, ತಮ್ಮ ದೇಹದ ಬಗ್ಗೆ ತಾವೇ ತೀರ್ಮಾನಿಸಬಲ್ಲರು. ನನ್ನ ಕೋಪ ಅವರ ಮೇಲಲ್ಲ. 2007ರಿಂದ 2011ರವರೆಗೆ ಅಮೆರಿಕದಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡವರನ್ನು ಲೆಕ್ಕ ಹಾಕಿದ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 15ರಿಂದ 19 ವರ್ಷದವರು. ಇನ್ನೊಂದು ಸಮೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಕೈ ಮೊದಲಿಗಿಂತ ಬಲವಾಗುತ್ತದೆ ಎಂದು ನಂಬಿದ ಆಟಗಾರರು, ತರಬೇತುದಾರರು, ತಂದೆತಾಯಿಗಳು ಸಿಕ್ಕರು. ಗಾಯವಿಲ್ಲದಿದ್ದರೂ ಮಾಡಿಸಬಹುದು ಎಂದವರೂ ಇದ್ದರು.

ಈ ನಂಬಿಕೆ ಎಲ್ಲಿಂದ ಬಂತು? ಟಾಮಿ ಜಾನ್ ಎಂದರೆ ಹರಿದ ಕೈ ಸರಿಹೋಯಿತು ಎಂಬಷ್ಟನ್ನೇ ಜನ ಕೇಳಿಸಿಕೊಂಡರು. ಮೂವತ್ತೊಂದರ ಹರೆಯದ, ದೇಹ ಪೂರ್ತಿ ಬಲಿತಿದ್ದ, ವೇಗವನ್ನು ನೆಚ್ಚದೆ ನಿಖರತೆಯಿಂದ ಬದುಕಿದ ಪಿಚರ್ ಒಬ್ಬರು ಒಂದೂವರೆ ವರ್ಷ ಕಾದು, ಭಂಗಿ ಬದಲಿಸಿ, ಮರಳಿದರು ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ಜೋಬ್ ಕೂಡ ಮೊದಲ ಚಿಕಿತ್ಸೆಯ ನಂತರ ಎರಡು ವರ್ಷ ಕಾದು, ಜಾನ್ ಕೈ ನಿಂತಿತೇ ಎಂದು ನೋಡಿದ ಮೇಲಷ್ಟೇ ಇನ್ನೊಬ್ಬರ ಮೊಣಕೈ ಮುಟ್ಟಿದರು. ಆ ಎಚ್ಚರ ಇಂದು ಎಲ್ಲಿದೆ? ಮಕ್ಕಳಿಗೆ ಈ ಚಿಕಿತ್ಸೆ ಆಗುತ್ತಿರುವುದನ್ನು ಕಂಡು ಜಾನ್ ಅವರೇ ಬಹಿರಂಗವಾಗಿ ನೊಂದು ಮಾತಾಡಿದ್ದಾರೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಈ ಮಾತು ಕೇಳುತ್ತಿರುವ ತಂದೆತಾಯಿಗಳಿದ್ದರೆ, ನಿಮ್ಮ ಮಗ ಅಥವಾ ಮಗಳು ಲಿಟಲ್ ಲೀಗ್‌ನಲ್ಲಿ ಪಿಚ್ ಮಾಡುತ್ತಿದ್ದರೆ, ದಯವಿಟ್ಟು ಗಮನಿಸಿ. ಹನ್ನೊಂದು, ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 85 ಎಸೆತ ಎಂಬ ಮಿತಿ ಇದೆ. ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಎಸೆಯುವುದನ್ನು ಪೂರ್ತಿ ನಿಲ್ಲಿಸಬೇಕು ಎಂದು ಕ್ರೀಡಾ ವೈದ್ಯರು ಹೇಳುತ್ತಾರೆ. ಶನಿವಾರ ಒಂದು ತಂಡ, ಭಾನುವಾರ ಇನ್ನೊಂದು ತಂಡ ಎಂದು ಮಗುವನ್ನು ಓಡಾಡಿಸಿದರೆ ಈ ಲೆಕ್ಕ ಇಡುವವರು ಯಾರೂ ಇರುವುದಿಲ್ಲ. ನೀವೇ ಇಡಬೇಕು. ಮೊಣಕೈ ನೋಯುತ್ತದೆ ಎಂದು ಮಗು ಹೇಳಿದರೆ ಅಂದಿನ ಪಂದ್ಯ ಎಷ್ಟೇ ಮುಖ್ಯವಾಗಿರಲಿ, ಅಲ್ಲಿಗೇ ನಿಲ್ಲಿಸಿ.

ಕೊನೆಯದಾಗಿ ಕೂಪರ್ಸ್‌ಟೌನ್. ನ್ಯೂಯಾರ್ಕ್ ರಾಜ್ಯದ ಆ ಊರಿನಲ್ಲಿ, ಮಹಾನ್ ಆಟಗಾರರನ್ನು ಆರಿಸಿ ಗೌರವಿಸುವ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಇದೆ. ಪತ್ರಕರ್ತರು ಹದಿನೈದು ವರ್ಷ ಜಾನ್ ಅವರಿಗೆ ಮತ ಹಾಕಿದರು. 75 ಶೇಕಡಾ ಬೇಕಿದ್ದಲ್ಲಿ ಅವರಿಗೆ ಸಿಕ್ಕ ಅತಿ ಹೆಚ್ಚು ಮತ 31.7 ಶೇಕಡಾ. ವರ್ಷಗಟ್ಟಲೆ ಆಡಿ ಅಂಕಿ ಕೂಡಿಹಾಕಿದರು, ಎಂದೂ ಆಟದ ಶಿಖರದಲ್ಲಿರಲಿಲ್ಲ ಎಂಬುದು ವಿರೋಧಿಗಳ ವಾದ. ನಾಲ್ಕು ವರ್ಷಕ್ಕೆ 80 ಗೆಲುವು ಶಿಖರವಲ್ಲದಿದ್ದರೆ ಇನ್ನೇನು? ಕೂಡಿಹಾಕುವುದೇ ತಪ್ಪಾದರೆ, 283 ಗೆದ್ದ ಜಿಮ್ ಕಾಟ್ 2022ರಲ್ಲಿ ಒಳಗೆ ಹೋದದ್ದು ಹೇಗೆ? ಕಾಟ್ ಅರ್ಹರು, ಅದರಲ್ಲಿ ಸಂಶಯವಿಲ್ಲ. ಅದೇ ಅಳತೆಗೋಲು 288ಕ್ಕೂ ಇರಲಿ ಎನ್ನುತ್ತೇನೆ. 2013ರಲ್ಲಿ ಇದೇ ಕೂಪರ್ಸ್‌ಟೌನ್ ಡಾ. ಜೋಬ್ ಅವರನ್ನು ಕರೆದು ಗೌರವಿಸಿತು. ಹೊಲಿದವರಿಗೆ ಸನ್ಮಾನ ಸಿಕ್ಕಿತು, ಆ ಹೊಲಿಗೆ ನಿಲ್ಲುತ್ತದೆ ಎಂದು ಹದಿಮೂರು ವರ್ಷ ಎಸೆದು ತೋರಿಸಿದವರು ಬಾಗಿಲ ಹೊರಗಿದ್ದಾರೆ.

2024ರ ಡಿಸೆಂಬರ್‌ನಲ್ಲಿ ಹಳೆಯ ಆಟಗಾರರಿಗಾಗಿ ಹದಿನಾರು ಜನರ ಸಮಿತಿ ಕೂತಿತು. ಹನ್ನೆರಡು ಮತ ಬೇಕಿತ್ತು. ಜಾನ್ ಅವರಿಗೆ ಏಳು. ಅಂದು ಆಯ್ಕೆಯಾದವರು ಇಬ್ಬರು, ಡೇವ್ ಪಾರ್ಕರ್ ಮತ್ತು, ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಡಿಕ್ ಅಲೆನ್. ಅಲೆನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪಾರ್ಕರ್ 2025ರ ಜೂನ್‌ನಲ್ಲಿ, ಸೇರ್ಪಡೆಯ ಸಮಾರಂಭಕ್ಕೆ ಒಂದು ತಿಂಗಳಷ್ಟೇ ಇರುವಾಗ ಹೋದರು. ಅದೇ ಸಮಿತಿ ಮತ್ತೆ ಕೂರುವುದು 2027ರ ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಜಾನ್ ಅವರಿಗೆ 84 ತುಂಬಿರುತ್ತದೆ. ಇನ್ನು ಐದು ಮತ ಬೇಕು. ಅವರು ಬದುಕಿರುವಾಗಲೇ, ತಾವೇ ವೇದಿಕೆ ಹತ್ತಿ ಮಾತಾಡುವಂತೆ, ಆ ಐದು ಮತಗಳನ್ನು ಕೊಡಬೇಕು ಎಂಬುದು ನನ್ನ ಆಗ್ರಹ.