ಹಿಟ್ಟಿನ ಕೋಳಿಯ ಕೂಗು

ಎಲ್ಲರಿಗೂ ನಮಸ್ಕಾರ. ಹಳೆಯ ಕಾವ್ಯಗಳಲ್ಲಿ ಬರುವ ಕ್ರೌರ್ಯ, ಕಾಮ ಇದನ್ನೆಲ್ಲ ಮಕ್ಕಳಿಗೆ ಯಾಕೆ ಓದಿಸಬೇಕು ಅಂತ ಈಚೆಗೆ ಒಬ್ಬರು ಕೇಳಿದರು. ಅವತ್ತು ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಇವತ್ತು ಹಳಗನ್ನಡದ ಜೈನ ಕವಿ ಜನ್ನನನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಅವನ 'ಯಶೋಧರ ಚರಿತೆ'ಯ ಕತೆ ನಿಮಗೆ ಗೊತ್ತು. 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಬರೆದದ್ದು. ನಾವು ಕಾಲೇಜಿನಲ್ಲಿದ್ದಾಗ ನಮ್ಮ ಮೇಷ್ಟ್ರು, ಯಶೋಧರ ರಾಜನ ರಾಣಿ ಅಮೃತಮತಿ ಮಾವುತನ ಹಾಡು ಕೇಳುವ ತನಕ ಸೊಗಸಾಗಿ ಓದಿದರು. ಆಮೇಲೆ ಹತ್ತಿಪ್ಪತ್ತು ಪದ್ಯ ಹಾರಿಸಿ, "ಮುಂದೆ ರಾಣಿ ದಾರಿ ತಪ್ಪಿದಳು" ಅಂದು ಪುಸ್ತಕ ಮುಚ್ಚಿದರು. ನಾವು ಸುಮ್ನೆ ಇರುತ್ತೇವಾ? ಅವತ್ತೇ ಸಂಜೆ ನಾಲ್ಕು ಜನ ಲೈಬ್ರರಿಗೆ ಓಡಿದೆವು. ಒಂದೇ ಪುಸ್ತಕ, ನಾಲ್ಕು ತಲೆ. ಏನೋ ಕಳ್ಳ ಸುಖ ಸಿಗುತ್ತದೆ ಅಂತ ಹೋಗಿದ್ದೆವು. ಅಲ್ಲಿ, ರಾಣಿ ತಡವಾಗಿ ಬಂದಳು ಅಂತ ಆ ಕುರೂಪಿ ಮಾವುತ ಅವಳ ತುರುಬು ಹಿಡಿದು ಹೊಡೆಯುತ್ತಿದ್ದಾನೆ. ಅವಳು ಅವನ ಕಾಲಿಗೇ ಬೀಳುತ್ತಾಳೆ. ರಾಜ ಕತ್ತಿ ಹಿಡಿದು ಮರೆಯಲ್ಲಿ ನಿಂತಿದ್ದಾನೆ. ಓದುತ್ತಿದ್ದ ಗೆಳೆಯನ ದನಿ ಸಣ್ಣದಾಯಿತು. ಯಾರೂ ನಗಲಿಲ್ಲ.

ಆಮೇಲೆ ರಾಜ ನೈದಿಲೆ ಹೂವಿನಿಂದ ಮೆಲ್ಲಗೆ ಹೊಡೆದರೆ ಅದೇ ರಾಣಿ ಮೂರ್ಛೆ ಹೋಗುತ್ತಾಳೆ! ಆ ರಾತ್ರಿಯ ಪೆಟ್ಟನ್ನು ಓದದವರಿಗೆ ಈ ಹೂವಿನ ಪೆಟ್ಟು ಅರ್ಥವೇ ಆಗುವುದಿಲ್ಲ, ಅಲ್ವಾ? ಹಾರಿಸಿದರೆ ಕಾವ್ಯವೇ ಹೋಯಿತು.

ಹಿಂಸೆಯನ್ನು ವರ್ಣಿಸುವುದೂ ಹಿಂಸೆಯೇ ಅಲ್ಲವೇ ಅಂತ ನೀವು ಕೇಳಬಹುದು. ಆ ಪ್ರಶ್ನೆಯನ್ನು ಜನ್ನನೇ ಎತ್ತಿಟ್ಟಿದ್ದಾನೆ. ರಾಜನಿಗೆ ಜೀವ ತೆಗೆಯಲು ಮನಸ್ಸಿಲ್ಲ. ಕೆಟ್ಟ ಕನಸು ಕಂಡೆ ಅಂತ ಅವನು ಹೇಳಿದ್ದಕ್ಕೆ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡಲೇಬೇಕು ಅನ್ನುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿ ಮಾಡಿಸುತ್ತಾರೆ. ಅದು ಎಷ್ಟು ಚೆಂದ ಇತ್ತು ಅಂದರೆ ಒಂದು ಬೆಂತರ, ಅಂದರೆ ಪಿಶಾಚಿ, ಬಂದು ಒಳಗೆ ಸೇರಿಕೊಂಡಿತು. ಕಡಿದಾಗ ಕೂಗಿತು. ಹಿಟ್ಟು ತಾನೇ ಅಂತ ಜನ್ನ ಬಿಡಲಿಲ್ಲ. ಕೊಲ್ಲುವ ಮನಸ್ಸು ಇತ್ತಲ್ಲ, ಅಷ್ಟಕ್ಕೇ ತಾಯಿ ಮಗ ನವಿಲಾಗಿ, ನಾಯಿಯಾಗಿ ಹುಟ್ಟಿ ಹುಟ್ಟಿ ಸಾಯಬೇಕಾಯಿತು.

ಜನ್ನನೂ ಅಕ್ಷರದಲ್ಲಿ ಒಂದು ಕೋಳಿ ಮಾಡಿದ. ಆದರೆ ನಮ್ಮನ್ನು ಕತ್ತಿಯ ಕಡೆ ನಿಲ್ಲಿಸಲಿಲ್ಲ. ಆ ಕೂಗು ಕೇಳಿಸುವಷ್ಟು ಹತ್ತಿರ ನಿಲ್ಲಿಸಿದ. ಇನ್ನೊಂದು ಗಮನಿಸಿ. ಈ ಕತೆಯನ್ನೆಲ್ಲ ಮಾರಿದತ್ತ ರಾಜನಿಗೆ ಹೇಳುವುದು ಯಾರು? ಬಲಿಗೆ ಅಂತ ಹಿಡಿದು ತಂದ ಇಬ್ಬರು ಎಳೆಯರು, ಅಭಯರುಚಿ ಮತ್ತು ಅಭಯಮತಿ. ಮಕ್ಕಳಿಗೆ ಯಾಕೆ ಅಂತ ಕೇಳಿದವರಿಗೆ ನನ್ನ ಉತ್ತರ ಇದೇ. ಆ ಎಳೆಯರು ಹತ್ತಿಪ್ಪತ್ತು ಪದ್ಯ ಹಾರಿಸಿ ಹೇಳಿದ್ದರೆ ಮಾರಿದತ್ತ ಬಲಿ ನಿಲ್ಲಿಸುತ್ತಿದ್ದನಾ?

ಚಂಡಶಾಸನ ಅನ್ನುವ ರಾಜನ ಬಗ್ಗೆ ಜಾಸ್ತಿ ಮಾತಾಡಬೇಕು ಅಂತ ಬಂದಿದ್ದೆ. ಜನ್ನನದೇ, 1230ರ 'ಅನಂತನಾಥ ಪುರಾಣ'ದ ಕತೆ ಅದು. ಗೆಳೆಯನ ಹೆಂಡತಿ ಸುನಂದೆಯನ್ನು ಹೊತ್ತೊಯ್ದು, ಗಂಡನದ್ದು ಅಂತ ಸುಳ್ಳು ತಲೆ ತೋರಿಸುತ್ತಾನೆ. ಅವಳು ಅಲ್ಲೇ ಪ್ರಾಣ ಬಿಡುತ್ತಾಳೆ. ಅವಳ ಚಿತೆಯಲ್ಲಿ ತಾನೂ ಬೇಯುತ್ತಾನೆ. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹೊತ್ತಾಯಿತು. ಪುಸ್ತಕವನ್ನು ಈ ಮೇಜಿನ ಮೇಲೆ ಇಟ್ಟಿರುತ್ತೇನೆ. ಆ ಪುಟಕ್ಕೆ ಗುರುತು ಹಾಕಿದ್ದೇನೆ. ನಮಸ್ಕಾರ.