ನಡುಕವಿಲ್ಲದ ಪಾರ್ಕಿನ್ಸನ್: ಮೂವತ್ತರ ಹರೆಯದಲ್ಲಿ ಪತ್ತೆ ತಡವಾಗುವುದೇಕೆ?

ದೃಶ್ಯ: ಶಿರಸಿ ಕಡೆಯ ಮನೆಯಂಗಳ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಕೈಗಳು, ಹತ್ತಿರದಿಂದ.

ಬಲಗೈ ನೋಡಿ. ಮೊದಲ ಹತ್ತು ಅಡಿಕೆ ಸಲೀಸು. ಆಮೇಲೆ ಕೈಯ ಓಟ ಚಿಕ್ಕದಾಗುತ್ತ, ನಿಧಾನವಾಗುತ್ತ, ಒಮ್ಮೆ ನಿಂತೇಬಿಡುತ್ತದೆ. ನಡುಕ ಇಲ್ಲ. ವಯಸ್ಸು 32. ಮೈಯ ಚಲನೆಯನ್ನು ನಿಧಾನಗೊಳಿಸುವ ಮೆದುಳಿನ ಕಾಯಿಲೆ ಪಾರ್ಕಿನ್ಸನ್ ಅಂತ ಯಾರಿಗೆ ಹೊಳೆಯಬೇಕು?

ಭುಜ ಬಿಗಿದರೆ ಫ್ರೋಜನ್ ಶೋಲ್ಡರ್ ಅಂತ ಫಿಸಿಯೋಥೆರಪಿ, ಕಾಲೆಳೆದರೆ ಸೊಂಟದ ಸ್ಕ್ಯಾನ್, ಹೆಂಗಸರಾದರೆ ‘ಟೆನ್ಷನ್’. ಮೆದುಳಿನ ಎಂಆರ್‌ಐ ನಾರ್ಮಲ್ ಬಂದರಂತೂ ಫೈಲ್ ಮುಚ್ಚಿದಂತೆಯೇ. ಆದರೆ ಈ ಕಾಯಿಲೆಯಲ್ಲಿ ಎಂಆರ್‌ಐ ಹೆಚ್ಚಾಗಿ ನಾರ್ಮಲ್ಲೇ ಇರುತ್ತದೆ.

‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಅನ್ನುವ ಮಾತೂ ದಾರಿ ತಪ್ಪಿಸುತ್ತದೆ. 1998ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದ ಪಾರ್ಕಿನ್ ಜೀನ್‌ನ ದೋಷ ಅಪ್ಪನಿಂದಲೂ ಅಮ್ಮನಿಂದಲೂ ಬಂದಾಗ ಕಾಯಿಲೆ ಕಾಣಿಸುತ್ತದೆ. ಒಂದೊಂದೇ ದೋಷವಿರುವ ಅಪ್ಪ ಅಮ್ಮ ಸಾಮಾನ್ಯವಾಗಿ ಗಟ್ಟಿಮುಟ್ಟು; ಅವರ ಪ್ರತಿ ಮಗುವಿಗೂ ಶೇ. 25 ಸಾಧ್ಯತೆ. ಅಜ್ಜನಿಗಿತ್ತಾ ಅನ್ನುವುದಕ್ಕಿಂತ, ಅಪ್ಪ ಅಮ್ಮ ಮೊದಲೇ ಸಂಬಂಧಿಕರಾ, ಒಡಹುಟ್ಟಿದವರಿಗೆ ಕಾಲು ತಿರುಚುತ್ತದಾ ಅಂತ ಕೇಳಿ.

ದೃಶ್ಯ: ಕಾರವಾರದ ಕಡಲತೀರ, ಸಂಜೆ. ಬರಿಗಾಲು.

ತುಸು ದೂರ ನಡೆದ ಮೇಲೆ ಪಾದ ಒಳಕ್ಕೆ ತಿರುಚಿ ಹೆಬ್ಬೆರಳು ಮೇಲೇಳುವುದು ಡಿಸ್ಟೋನಿಯಾ, ಅಂದರೆ ಸ್ನಾಯು ತಾನಾಗಿ ಬಿಗಿದು ತಿರುಚುವುದು. ಎಷ್ಟೋ ಜನರಲ್ಲಿ ಇದೇ ಮೊದಲ ಲಕ್ಷಣ. ನಿದ್ದೆಯಿಂದ ಎದ್ದಾಗ ಹಗುರ, ಸಂಜೆಗೆ ಬಿಗಿತ. ಎಡವಟ್ಟಾಗುವುದೇ ಇಲ್ಲಿ: ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿ ಬೆಳಗಿನ ಒಪಿಡಿಯಲ್ಲಿ ಕೂತಾಗ ಕಾಲು ನೆಟ್ಟಗಿರುತ್ತದೆ! ಹಾಗಾಗಿ ಎದ್ದ ಕೂಡಲೇ ಒಂದು, ಸಂಜೆ ನಡೆದ ಮೇಲೆ ಒಂದು ವಿಡಿಯೋ ಮಾಡಿ. ತಲೆಯಿಂದ ಪಾದದವರೆಗೆ ಕಾಣಲಿ. ನಡೆಯುವಾಗ ಎರಡೂ ಕೈ ಬೀಸುತ್ತವಾ ಗೊತ್ತಾಗಲಿ. ಹೆಬ್ಬೆರಳು ತೋರುಬೆರಳನ್ನು ಅಗಲಿಸಿ ವೇಗವಾಗಿ 10 ಸಲ ತಟ್ಟಿಸಿ.

ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಗ್ಯಾಸ್ ಮಾತ್ರೆಯೊಳಗಿನ ಲೆವೊಸಲ್ಪಿರೈಡ್, ತಲೆಸುತ್ತಿನ ಸಿನರಿಜಿನ್, ಮೈಗ್ರೇನ್‌ನ ಫ್ಲುನರಿಜಿನ್ ಇದೇ ಲಕ್ಷಣಗಳನ್ನು ತರಬಲ್ಲವು. ನೀವಾಗಿ ನಿಲ್ಲಿಸಬೇಡಿ, ತೋರಿಸಿ.

ಈ ವಯಸ್ಸಿನಲ್ಲಿ, ಇಂಥದೇ ಲಕ್ಷಣ ತೋರಬಲ್ಲ ವಿಲ್ಸನ್ ಕಾಯಿಲೆಯನ್ನು ನೋಡದೇ ಬಿಡುವಂತಿಲ್ಲ. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ಅದಕ್ಕೆ ಚಿಕಿತ್ಸೆಯಿದೆ, ತಡವಾದರೆ ಯಕೃತ್ತು, ಮೆದುಳು ಎರಡೂ ಹಾಳು. ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್ ಸೆರುಲೋಪ್ಲಾಸ್ಮಿನ್, 24 ಗಂಟೆ ಮೂತ್ರದ ತಾಮ್ರ, ಕಣ್ಣಿನ ವೈದ್ಯರ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪ್‌ನಲ್ಲಿ ಕಣ್ಣು: ಮೂರೂ ಪರೀಕ್ಷೆ ಆಗಲಿ.

ಜೀನ್ ಪರೀಕ್ಷೆ ‘ನೆಗೆಟಿವ್’ ಬಂದರೂ ಒಂದು ಪ್ರಶ್ನೆ ಉಳಿಯುತ್ತದೆ. ಪಾರ್ಕಿನ್ ಜೀನ್‌ನಲ್ಲಿ ಇಡೀ ಎಕ್ಸಾನ್‌ಗಳೇ, ಅಂದರೆ ಜೀನ್‌ನ ತುಂಡುಗಳೇ, ಕಾಣೆಯಾಗುವುದು, ಇಮ್ಮಡಿಯಾಗುವುದು ಮಾಮೂಲು; ಜೀನ್‌ನ ಅಕ್ಷರಗಳನ್ನು ಓದುವ ಬರೀ ಸೀಕ್ವೆನ್ಸಿಂಗ್‌ಗೆ ಅದು ತಪ್ಪಿಹೋಗಬಹುದು. ಇಂಥ ತುಂಡುಗಳ ಲೆಕ್ಕ ಹಿಡಿಯುವ ಎಂಎಲ್‌ಪಿಎ ಪರೀಕ್ಷೆ ಮಾಡಿದ್ದಾರಾ ಅಂತ ಕೇಳಿ.